ರಾಗಿ ಹೊಟ್ಟಿನ ಉಪನ್ಯಾಸ

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ, ಮೊಳೆಯೊಂದಕ್ಕೆ, ಒಂದು ಜರಡಿ ಸದಾ ತೂಗುತ್ತಿರುತ್ತದೆ. ನನ್ನ ಮನೆಯಾಕೆ ಮಳವಳ್ಳಿಯ ಈ ಮನೆಗೆ ಕಾಲಿಟ್ಟಂದಿನಿಂದ ಅದರ ಬಲೆ ನಾಲ್ಕೈದು ಸಲ, ಸುತ್ತಿನ ತಗಡಿನ ಪಟ್ಟಿ ಎರಡು ಸಲ ಬದಲಾಗಿವೆ; ಆದರೂ ಅದನ್ನು ನಾವು ಹಳೇ ಜರಡಿ ಎಂದೇ ಗೌರವದಿಂದ ಕರೆಯುತ್ತೇವೆ. ಮಿಲ್ಲಿನಲ್ಲಿ ಬೀಸಿಸಿಕೊಂಡು ಬಂದ ರಾಗಿ ಹಿಟ್ಟು ಆ ಜರಡಿಯ ಅಪ್ಪಣೆಯಿಲ್ಲದೆ ಡಬ್ಬ ಸೇರುವಂತಿಲ್ಲ. ಎರಡು ಕೈಗಳ ನಡುವೆ ಅದು ಅತ್ತಿತ್ತ ಆಡುವಾಗ ಕೆಳಗೆ ನುಣುಪಾದ ಹಿಟ್ಟು ಸದ್ದಿಲ್ಲದೆ ಉದುರುತ್ತದೆ, ಮೇಲೆ ಕಂದುಬಣ್ಣದ ಹೊಟ್ಟು ಅಪರಾಧಿಯ ಹಾಗೆ ಉಳಿದುಕೊಳ್ಳುತ್ತದೆ. ಹಿಟ್ಟು ನಮಗೆ, ಹೊಟ್ಟು ಪಕ್ಕದ ಮನೆಯ ಹಸುವಿಗೆ. ಈ ಪಾಲುಪಾರೀಕತ್ತನ್ನು ನಮ್ಮ ಸೀಮೆಯಲ್ಲಿ ಯಾರೂ ಪ್ರಶ್ನಿಸಿದ್ದನ್ನು ನಾನು ಕಂಡಿಲ್ಲ.

ಏಕೆಂದರೆ, ಗೆಳೆಯರೇ, ನಾವು ಮುದ್ದೆ ತಿನ್ನುವವರಲ್ಲ, ನುಂಗುವವರು. ದೇವರು ನಮಗೂ ಮೂವತ್ತೆರಡು ಹಲ್ಲು ಕೊಟ್ಟಿದ್ದಾನಾದರೂ ಮುದ್ದೆಯ ವಿಷಯದಲ್ಲಿ ಅವುಗಳ ಅಭಿಪ್ರಾಯ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಬೆರಳಲ್ಲಿ ಮುರಿದ ತುತ್ತು ಸಾರಿನಲ್ಲೊಮ್ಮೆ ಹೊರಳಿ ನಾಲಿಗೆಯ ಮೇಲೆ ಕುಳಿತ ಮರುಗಳಿಗೆಯೇ ಗಂಟಲಿನಲ್ಲಿ ಜಾರಿ ಹೋಗಿರಬೇಕು. ಮುದ್ದೆಯನ್ನು ಅಗಿಯುತ್ತಾ ಕುಳಿತವನನ್ನು ಕಂಡರೆ, ಇವನು ಯಾವ ಊರಿನವನಪ್ಪ ಎಂದು ಪಂಕ್ತಿಯೇ ತಿರುಗಿ ನೋಡುತ್ತದೆ. ಹೀಗೆ ಜಾರಬೇಕಾದರೆ ಹಿಟ್ಟು ನುಣುಪಾಗಿರಬೇಕು. ನೆಂಟರು ಬರುವ ದಿನವಂತೂ ಎರಡು ಸಲ ಜರಡಿ ಹಿಡಿಯಬೇಕು. ಹೊಟ್ಟಿನ ಚೂರೊಂದು ಬೀಗರ ಗಂಟಲಿಗೆ ತಾಕಿತೋ, ಮನೆತನದ ಮಾನ ಹೋಯಿತು. ಒಂದು ಕಾಲಕ್ಕೆ ಒರಟು ಮುದ್ದೆ ಆಳುಗಳಿಗೆ, ನುಣುಪು ಮುದ್ದೆ ಒಡೆಯರಿಗೆ ಎಂಬ ವಿಂಗಡಣೆ ಇತ್ತೆಂದು ಹಿರಿಯರು ಹೇಳುತ್ತಿದ್ದರು. ಈಗ ನಾವೆಲ್ಲರೂ ಒಡೆಯರೇ ಆಗಿಬಿಟ್ಟಿರುವುದರಿಂದ ಹೊಟ್ಟು ತಿನ್ನಲು ಹಸುವೊಂದೇ ಉಳಿದಿದೆ.

ಇಷ್ಟಾದರೂ ನಮ್ಮ ಪಾಡಿಗೆ ನಾವು ಇದ್ದಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಐವತ್ತು ದಾಟಿದ ಮೇಲೆ ಒಂದು ದಿನ ನಮ್ಮವರು ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟು ಬರುತ್ತಾರೆ. ಸಂಜೆ ಬಂದ ಹಾಳೆಯಲ್ಲಿ ಕೊಲೆಸ್ಟ್ರಾಲು ಎಂಬ ಸಾಲು, ಮಿತಿ ದಾಟಿದೆಯೆಂದು, ದಪ್ಪಕ್ಷರದಲ್ಲಿ ಮೂಡಿರುತ್ತದೆ, ಅದರ ಕೆಳಗೆ ಟ್ರೈಗ್ಲಿಸರೈಡು ಎಂಬ ಇನ್ನೊಂದು ಸಾಲು. ನಾಲಿಗೆ ಹೊರಳದ ಆ ಎರಡು ಹೆಸರುಗಳನ್ನು ಹೇಳಲು ಕಲಿಯುವುದರೊಳಗೆ ಮನುಷ್ಯ ಅರ್ಧ ಸೊರಗಿರುತ್ತಾನೆ. ನಾರಿನಂಶ ಜಾಸ್ತಿ ತಿನ್ನಿ ಎಂದು ಡಾಕ್ಟರು ಹೇಳಿದ್ದೇ ತಡ, ಸೀದಾ ಮೆಡಿಕಲ್ ಸ್ಟೋರಿಗೆ ಹೋಗಿ, ಸೊಂಟಕ್ಕೆ ಅಳತೆಯ ಟೇಪು ಸುತ್ತಿಕೊಂಡ ಹೆಂಗಸಿನ ಚಿತ್ರವಿರುವ ಡಬ್ಬಿಯೊಂದನ್ನು ಎದೆಗವಚಿಕೊಂಡು ಬರುತ್ತಾನೆ. ಅದರೊಳಗಿನ ಪುಡಿಗೆ ಕಿತ್ತಳೆಹಣ್ಣಿನ ವಾಸನೆ. ನಮ್ಮ ಪಕ್ಕದ ಮನೆಯ ಯಜಮಾನರು ಬೆಳಿಗ್ಗೆ ಜಗುಲಿಯ ಮೇಲೆ ನಿಂತು ಆ ಪುಡಿಯನ್ನು ಲೋಟದಲ್ಲಿ ಕದಡಿ, ಕಣ್ಣುಮುಚ್ಚಿ ಕುಡಿದು, ಅದೇ ಕೈಯಿಂದ ಅಂಗಳದ ಹಸುವಿಗೆ ಬಕೆಟ್ಟಿನ ತುಂಬ ರಾಗಿ ಹೊಟ್ಟು, ಅವರೆ ಸಿಪ್ಪೆ ಕಲಸಿ ಇಡುತ್ತಾರೆ. ಮನೆಯ ನಾರು ಹಸುವಿಗೆ, ಅಂಗಡಿಯ ನಾರು ಮನುಷ್ಯನಿಗೆ. ಆ ಹಸುವಿನ ಮೈ ಎಷ್ಟು ಮಿಂಚುತ್ತಿದೆಯೆಂದರೆ ಯಜಮಾನರ ಪಕ್ಕ ಅದನ್ನು ನಿಲ್ಲಿಸಿ ನೋಡಲು ನನಗೇ ಸಂಕೋಚವಾಗುತ್ತದೆ.

ಅವರೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಚಳಿಗಾಲ ಬಂತೆಂದರೆ ನಮ್ಮ ಕಡೆಯ ಹೆಂಗಸರು ಅವರೆಕಾಳನ್ನು ನೀರಲ್ಲಿ ನೆನೆಹಾಕಿ, ಬೆಳಗಾದ ಮೇಲೆ ಪಾತ್ರೆಯ ಸುತ್ತ ಕುಳಿತು ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿತುಕುತ್ತಾರೆ. ಪುಳಕ್ಕನೆ ಬೇಳೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಬೆರಳಿಗಂಟಿಕೊಳ್ಳುತ್ತದೆ. ಉಗುರಿನ ಸಂದಿಯೆಲ್ಲ ಉರಿಯುವಷ್ಟು ಹೊತ್ತು ಹಿತುಕಿದರೆ ಮಧ್ಯಾಹ್ನಕ್ಕೆ ಹಿತುಕಿದಬೇಳೆ ಸಾರು. ಅದರ ರುಚಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಅದನ್ನು ನಿಂದಿಸುವವನು ಮನುಷ್ಯನೇ ಅಲ್ಲವೆಂದು ಬರೆದುಕೊಡಲೂ ಸಿದ್ಧ. ಆದರೆ ನಾರು ಎಂಬ ಪದಾರ್ಥ ಎಲ್ಲೆಲ್ಲಿ ಅಡಗಿದೆಯೋ ಹುಡುಕಿ ಹುಡುಕಿ, ಬೆರಳು ನೋಯಿಸಿಕೊಂಡು, ಅದನ್ನು ಮನೆಯಿಂದಾಚೆಗೆ ಹಾಕಲು ಇಷ್ಟು ಶ್ರಮಪಡುವ ಜನ ಲೋಕದಲ್ಲಿ ಇನ್ನೆಲ್ಲಾದರೂ ಇದ್ದಾರೆಯೇ ಎಂದು ಬೆರಗಾಗುತ್ತೇನೆ.

ಹಾಗೆ ಹೊರಹಾಕಿದ ಜಾಗವನ್ನು ನಾವು ಖಾಲಿಯಂತೂ ಬಿಡುವುದಿಲ್ಲ. ಮದುವೆಯಾದ ಎರಡನೇ ದಿನವೇ ಬೀಗರೂಟ. ಅಲ್ಲಿ ಮಾಂಸದ ಸಾರಿನ ಮೇಲೆ ತೇಲುವ ಎಣ್ಣೆಯಲ್ಲಿ ಮುಖ ನೋಡಿಕೊಳ್ಳಬಹುದು. ಸುತ್ತ ಕಬ್ಬಿನ ಗದ್ದೆಗಳಿರುವುದರಿಂದ ಬೆಲ್ಲವನ್ನು ನಾವು ಸಿಹಿಯ ಲೆಕ್ಕಕ್ಕೇ ಸೇರಿಸುವುದಿಲ್ಲ. ಸಕ್ಕರೆ ಬಿಟ್ಟಿದ್ದೀನಿ ಎನ್ನುವವರ ಕಾಫಿಯಲ್ಲಿ ಬೆಲ್ಲ ಅರ್ಧ ಲೋಟ ಇರುತ್ತದೆ. ಒಮ್ಮೆ ರೈಲಿನಲ್ಲಿ ಎದುರಿಗೆ ಕುಳಿತಿದ್ದ ದಪ್ಪನೆಯ ಮಹನೀಯರೊಬ್ಬರು ತಮ್ಮ ಕೊಲೆಸ್ಟ್ರಾಲಿನ ಕಥೆಯನ್ನು ಚನ್ನಪಟ್ಟಣದಿಂದ ಶುರುಮಾಡಿ ಮದ್ದೂರಿನವರೆಗೂ ಹೇಳಿದರು. ಮದ್ದೂರು ಬಂದು ವಡೆಯ ಬುಟ್ಟಿ ಬೋಗಿಯೊಳಕ್ಕೆ ಬಂದ ಕೂಡಲೇ ಎರಡು ಪೊಟ್ಟಣ ತೆಗೆದುಕೊಂಡರು. ನಾನು ನೋಡುತ್ತಿರುವುದನ್ನು ಕಂಡು, “ಈರುಳ್ಳಿ ಚೆನ್ನಾಗಿ ಹಾಕವ್ರೆ ಸಾರ್, ನಾರಿನಂಶ” ಎಂದರು. ಎಣ್ಣೆ ಅವರ ಮೊಣಕೈವರೆಗೂ ಇಳಿಯುತ್ತಿತ್ತು.

ನಾನು ಇಡೀ ಆಯುಷ್ಯ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು. ಇಂಥ ಮಾತು ಕೇಳಿಸಿಕೊಂಡು ಸುಮ್ಮನೆ ಕೂರುವುದು ನನ್ನಿಂದಾಗದ ಕೆಲಸ. ಹಾಗಾಗಿ ನಾರಿನ ಮೇಲೆ ನನ್ನದೊಂದು ಉಪನ್ಯಾಸ ತಯಾರಾಗಿತ್ತು. ಮದುವೆ, ಗೃಹಪ್ರವೇಶ, ಹನ್ನೊಂದನೇ ದಿನದ ಊಟ, ಯಾವುದನ್ನೂ ಬಿಡದೆ ಅದನ್ನು ಮಾಡುತ್ತಿದ್ದೆ. ನಿಮಗೂ ಚಿಕ್ಕದಾಗಿ ಹೇಳುತ್ತೇನೆ, ಮುಂದಿನದು ಅರ್ಥವಾಗಲು ಬೇಕಾಗುತ್ತದೆ.

ನೀವು ಆಲೆಮನೆ ನೋಡಿದ್ದೀರಲ್ಲ? ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ, ಹಳೆಯ ಗಾಣದವರು ಬೆಂಡೆಗಿಡದ ಲೋಳೆಯನ್ನು ಅದಕ್ಕೆ ಬಿಡುತ್ತಿದ್ದರು. ಆ ಲೋಳೆ ಹಾಲಿನಲ್ಲಿದ್ದ ಕೊಳೆಯನ್ನೆಲ್ಲ ತನ್ನೊಳಗೆ ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತಿತ್ತು; ಅದನ್ನು ತೆಗೆದು ಚೆಲ್ಲಿದರೆ ಬೆಲ್ಲ ಹೊನ್ನಿನ ಬಣ್ಣ. ನೀರಿನಲ್ಲಿ ಕರಗಿ ಲೋಳೆಯಾಗುವ ನಾರು ನಮ್ಮ ಕರುಳಿನಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಕೊಬ್ಬು ಅರಗಿಸಲೆಂದು ಯಕೃತ್ತು ಪಿತ್ತರಸವನ್ನು ಕರುಳಿಗೆ ಬಿಡುತ್ತದೆ; ಕೆಲಸ ಮುಗಿದ ಮೇಲೆ ಅದರ ಬಹುಪಾಲನ್ನು ವಾಪಸು ಹೀರಿಕೊಂಡು ಮತ್ತೆ ಬಳಸುತ್ತದೆ. ಮಹಾ ಜಿಪುಣ. ಆದರೆ ನಡುವೆ ಈ ಲೋಳೆ ಸಿಕ್ಕಿದರೆ ಪಿತ್ತದ ಒಂದಷ್ಟನ್ನು ಅದು ಹಿಡಿದುಕೊಂಡು ಹೊರಗೆ ಹೊರಟುಬಿಡುತ್ತದೆ. ಕಳೆದುಹೋದ ಪಿತ್ತವನ್ನು ಹೊಸದಾಗಿ ಮಾಡಿಕೊಳ್ಳಲು ಯಕೃತ್ತಿಗೆ ಕೊಲೆಸ್ಟ್ರಾಲು ಬೇಕು, ಅದನ್ನು ಅದು ರಕ್ತದಿಂದಲೇ ಎಳೆದುಕೊಳ್ಳಬೇಕು. ಹೀಗೆ ರಕ್ತದಲ್ಲಿನ ಕೆಟ್ಟ ಕೊಲೆಸ್ಟ್ರಾಲು ಸ್ವಲ್ಪ ಇಳಿಯುತ್ತದೆ.

ಇದಿಷ್ಟೂ ನಿಜ. ಆದರೆ ಈ ಉಪನ್ಯಾಸದಲ್ಲಿ ನಾನು ಕೆಲವು ಮಾತುಗಳನ್ನು ಬಿಟ್ಟೇ ಹೇಳುತ್ತಿದ್ದೆ. ಸ್ವಲ್ಪ ಇಳಿಯುತ್ತದೆ ಎನ್ನುವಲ್ಲಿನ ಸ್ವಲ್ಪ ಎಂಬ ಮಾತನ್ನು ಮೆಲ್ಲಗೆ ಹೇಳಿ ಇಳಿಯುತ್ತದೆ ಎಂಬುದನ್ನು ಗಟ್ಟಿಯಾಗಿ ಹೇಳುತ್ತಿದ್ದೆ. ನಾರಿನಲ್ಲಿ ಕರಗುವುದು ಕರಗದ್ದು ಎಂದು ಎರಡು ಬಗೆ. ಅವರೆ, ಹುರುಳಿ, ಮೆಂತ್ಯ, ಬೆಂಡೆ, ಸೀಬೆಹಣ್ಣುಗಳಲ್ಲಿ ಕರಗುವ ಬಗೆ ಸಾಕಷ್ಟಿದೆ, ರಾಗಿಯ ಹೊಟ್ಟಿನಲ್ಲಿರುವುದು ಬಹುತೇಕ ಕರಗದ ಬಗೆ. ಅದು ಬೆಳಗಿನ ಕೆಲಸವನ್ನು ಸಲೀಸು ಮಾಡುತ್ತದೆ, ದೊಡ್ಡ ಉಪಕಾರವೇ. ಆದರೆ ಪಿತ್ತವನ್ನು ಹಿಡಿಯುವ ಲೋಳೆ ಅದರಿಂದ ಹುಟ್ಟುವುದು ಅಷ್ಟಕ್ಕಷ್ಟೇ. ಟ್ರೈಗ್ಲಿಸರೈಡು ಎಂಬ ಇನ್ನೊಂದು ಕೊಬ್ಬಂತೂ ನಾರಿಗೆ ಹೆಚ್ಚು ಸೊಪ್ಪು ಹಾಕುವುದಿಲ್ಲ. ಬೆಲ್ಲ, ಸಕ್ಕರೆ, ಅನ್ನ, ಹೆಂಡ, ಸೊಂಟದ ಸುತ್ತಳತೆ ಇವುಗಳಲ್ಲಿ ಕೈ ಬಿಗಿ ಹಿಡಿದರೆ ಅದು ಇಳಿಯುತ್ತದೆ. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಜರಡಿ ಎಸೆಯಿರಿ, ಹೊಟ್ಟು ತಿನ್ನಿ, ಎದೆ ಗಟ್ಟಿಯಾಗುತ್ತದೆ ಎಂದರೆ ಪಂಕ್ತಿ ತಲೆದೂಗುತ್ತದೆ. ಅದರಲ್ಲಿ ಎರಡು ಬಗೆ ಎಂದು ಶುರುಮಾಡಿದರೆ ಜನ ಪಾಯಸದ ಕಡೆ ತಿರುಗುತ್ತಾರೆ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಕೇಳುವವರ ಕಣ್ಣು ಯಾವಾಗ ತಿರುಗುತ್ತದೆಂಬುದು ಚೆನ್ನಾಗಿ ತಿಳಿದಿರುತ್ತದೆ.

ಇಲ್ಲಿಯವರೆಗೆ ನನ್ನ ಜೊತೆ ನಕ್ಕಿದ್ದೀರಿ ಎಂದುಕೊಳ್ಳುತ್ತೇನೆ. ಇನ್ನು ಮುಂದೆ ನಗುವುದಾದರೆ ನನ್ನನ್ನೇ ನೋಡಿ ನಗಬೇಕಾಗುತ್ತದೆ.

ಹೋದ ವರ್ಷ ನನ್ನ ಹಾಳೆಯಲ್ಲೂ ಆ ದಪ್ಪಕ್ಷರದ ಸಾಲು ಬಂತು. ನಾರಿನ ಮೇಲೆ ಅಷ್ಟು ಮಾತಾಡುವ ನನಗೇ! ಮಂಡ್ಯದ ಡಾಕ್ಟರೊಬ್ಬರು ಹಾಳೆಯನ್ನು ಎರಡು ಸಲ ನೋಡಿ, ದಿನಾ ಒಂದು ಮಾತ್ರೆ ಬರೆದುಕೊಟ್ಟರು. ಊಟದಲ್ಲೂ ಹಿಡಿತವಿರಲಿ ಎಂದರು. ಮನೆಗೆ ಬಂದವನೇ ನಾನು ಮಾತ್ರೆಯ ಚೀಟಿಯನ್ನು ಜೇಬಿಗಿಳಿಸಿ, ಊಟದ ಹಿಡಿತವನ್ನು ಓಣಿಗೆಲ್ಲ ಸಾರಿದೆ. ನಾಳೆಯಿಂದ ನಮ್ಮ ಮನೆಯಲ್ಲಿ ಜರಡಿಗೆ ರಜೆ ಎಂದೆ. ಮನೆಯಾಕೆ ಹುಬ್ಬು ಹಾರಿಸಿದಳು, ಆದರೂ ಹೊಟ್ಟು ಬೆರೆತ ಹಿಟ್ಟಿನಲ್ಲೇ ಮುದ್ದೆ ಕಟ್ಟಿದಳು. ಅದು ಗಂಟಲಲ್ಲಿ ಜಾರಲಿಲ್ಲ. ಅಲ್ಲಲ್ಲಿ ನಿಂತು, ದಾರಿ ವಿಚಾರಿಸಿಕೊಂಡು, ಕೆರೆಯುತ್ತಾ ಕೆಳಗಿಳಿಯಿತು. ಒಂದು ತಿಂಗಳು ತಿಂದೆ. ಎರಡನೇ ತಿಂಗಳು ನಾನೇ ಎದ್ದು ಮೊಳೆಯಿಂದ ಜರಡಿಯನ್ನು ಇಳಿಸಿ ಆಕೆಯ ಮುಂದೆ ಇಟ್ಟೆ. ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ, ಅದು ಗಂಟಲಲ್ಲಿ ಚೆನ್ನಾಗಿ ಜಾರುತ್ತಿತ್ತು.

ಮೂರು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟೆ. ದಪ್ಪಕ್ಷರ ಮಾಯವಾಗಿತ್ತು. ಆ ಹಾಳೆಯ ಫೋಟೋವನ್ನು ಮೊಬೈಲಿನಲ್ಲಿ ಹಿಡಿದುಕೊಂಡೆ.

ಅದಾಗಿ ವಾರಕ್ಕೆ ಮಳವಳ್ಳಿಯ ಒಂದು ಕಲ್ಯಾಣಮಂಟಪದಲ್ಲಿ ನೆಂಟರ ಬೀಗರೂಟ. ಪಂಕ್ತಿಯಲ್ಲಿ ನನ್ನ ಎಡಕ್ಕೆ ನಮ್ಮ ಅಕ್ಕನ ಗಂಡ ಕುಳಿತಿದ್ದರು. ಭಾವನ ಊರು ಮದ್ದೂರಿನ ಹತ್ತಿರ, ಶಿವಪುರದಿಂದಾಚೆಗೆ, ನಾಲೆಯ ಬದಿಯ ಹಳ್ಳಿ. ಕಬ್ಬು, ಭತ್ತ, ಎರಡು ಎಮ್ಮೆ. ಓದು ನಾಲ್ಕನೇ ಕ್ಲಾಸಿಗೆ ನಿಂತಿದ್ದು. ಓದಿದವರೆಂದರೆ ಅವರಿಗೆ ಭಯಭಕ್ತಿ. ಅದರಲ್ಲೂ ಹೆಂಡತಿಯ ತಮ್ಮ ಮೇಷ್ಟ್ರು ಎಂಬುದನ್ನು ಊರಿನ ಟೀ ಅಂಗಡಿಯಲ್ಲಿ ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ಸಮಾಧಾನವಿರಲಿಲ್ಲ. ಆ ಬೀಗರೂಟಕ್ಕೆ ಒಂದು ವರ್ಷ ಮೊದಲು ಅವರಿಗೆ ಎದೆ ಹಿಡಿದಂತಾಗಿ ಪರೀಕ್ಷೆ ಮಾಡಿಸಿದಾಗ, ಹೃದಯದ ರಕ್ತನಾಳವೊಂದು ಸ್ವಲ್ಪ ಕಿರಿದಾಗಿದೆಯೆಂದು ಹೇಳಿ, ನನಗೆ ಆಮೇಲೆ ಕೊಟ್ಟಂಥದೇ ಮಾತ್ರೆಯನ್ನು ಕೊಟ್ಟಿದ್ದರು. ಅದು ನನಗೆ ಗೊತ್ತಿತ್ತು.

ಅಂದು ನಾನು ಉತ್ಸಾಹದಲ್ಲಿದ್ದೆ. ಎಲೆಯ ಮೇಲೆ ಮಾಂಸದ ತುಂಡು ಬೀಳುತ್ತಿದ್ದಂತೆ ಉಪನ್ಯಾಸ ಶುರುಮಾಡಿ, ಎದುರು ಸಾಲಿನವರ ಹೊಟ್ಟೆಗಳನ್ನು ಒಂದೊಂದಾಗಿ ಹೀಯಾಳಿಸಿ, ಪಕ್ಕದ ಮನೆಯ ಹಸುವಿನ ಕಥೆ ಹೇಳಿ ನಗಿಸಿ, ಕೊನೆಗೆ ಮೊಬೈಲು ತೆಗೆದು ನನ್ನ ರಿಪೋರ್ಟನ್ನು ಪಂಕ್ತಿಯಲ್ಲಿ ಕೈಯಿಂದ ಕೈಗೆ ಕಳಿಸಿದೆ. ಸಾರಿನ ಕೈಗಳಲ್ಲಿ ಸುತ್ತಿಬಂದ ಮೊಬೈಲಿನ ಗಾಜೆಲ್ಲ ಎಣ್ಣೆಯಾಗಿತ್ತು. ಭಾವ ಅದನ್ನು ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ಬಾಗಿ, “ಮಾತ್ರೆ ಗೀತ್ರೆ ಏನೂ ತಗೊಳ್ನಿಲ್ವೇನಪ್ಪಾ ಮೇಷ್ಟ್ರೆ?” ಎಂದು ಕೇಳಿದರು.

ಮಾತ್ರೆಯ ಪಟ್ಟಿ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಎದುರು ಸಾಲಿನವರು ಕಿವಿಗೊಟ್ಟು ಕೇಳುತ್ತಿದ್ದರು.

“ಮಾತ್ರೆ ಯಾಕ್ ಬಾವ? ರಾಗಿ ಐತಲ್ಲ!” ಎಂದೆ. ಸಾಲಿಗೆ ಸಾಲೇ ನಕ್ಕಿತು, ಯಾರೋ ಭಲೇ ಮೇಷ್ಟ್ರೇ ಎಂದರು. ಭಾವನೂ ನಕ್ಕರು.

ನಾಲ್ಕು ದಿನದಲ್ಲಿ ಅಕ್ಕ ಫೋನು ಮಾಡಿದಳು. ನಿನ್ನ ಮಾತು ಕೇಳಿ ನಿಮ್ಮ ಭಾವ ಜರಡಿಯನ್ನು ಅಟ್ಟದ ಮೇಲೆ ಎಸೆದಿದ್ದಾರೆ, ದಿನಾ ಹೊಟ್ಟಿನ ಹಿಟ್ಟನ್ನೇ ಉಣ್ಣುತ್ತಿದ್ದಾರೆ ಎಂದು ನಗುತ್ತಾ ದೂರಿದಳು. ನಾನು ಬೀಗಿದೆ. ನಿಜಕ್ಕೂ ಬೀಗಿದೆ, ನನ್ನ ಇಡೀ ಸರ್ವೀಸಿನಲ್ಲಿ ಸಿಗದಿದ್ದ, ಹೇಳಿದ್ದನ್ನು ಹೇಳಿದ ಹಾಗೆ ಪಾಲಿಸುವ ಶಿಷ್ಯ ಅರುವತ್ತೆಂಟರ ವಯಸ್ಸಿನ ಭಾವನಲ್ಲಿ ಸಿಕ್ಕಿದ್ದ. ಮಾತ್ರೆಯ ವಿಷಯ ನಾನು ಕೇಳಲಿಲ್ಲ. ಅದನ್ನು ಅವರು ಬಿಟ್ಟಿರಲಾರರು ಎಂದು ನನಗೆ ನಾನೇ ಹೇಳಿಕೊಂಡೆ. ಪಕ್ಕದಲ್ಲೇ ಇದ್ದ ಮನೆಯಾಕೆ ಸೊಪ್ಪು ಬಿಡಿಸುತ್ತಾ, “ನಿಜ ಯೋಳ್ಬುಡಿ ಅವ್ರಿಗೆ. ಪಾಪ, ನಿಮ್ಮನ್ನ ನಂಬ್ಕಂಡವ್ರೆ” ಎಂದಳು. ಹೇಳೋಣ ಬಿಡು, ಸಿಕ್ಕಾಗ ಹೇಳೋಣ ಎಂದೆ.

ಎರಡು ತಿಂಗಳ ಮೇಲೆ ಸಿಕ್ಕರು. ಮದ್ದೂರಿಗೆ ಯಾವುದೋ ಕೆಲಸಕ್ಕೆ ಹೋದವನು ಮಧ್ಯಾಹ್ನದ ಊಟಕ್ಕೆ ಅಕ್ಕನ ಮನೆಗೆ ಹೋದೆ. ಹಿತುಕಿದಬೇಳೆ ಸಾರಿನ ಘಮಲು ಜಗುಲಿಗೇ ಬರುತ್ತಿತ್ತು. ಅಕ್ಕ ನಮ್ಮಿಬ್ಬರಿಗೂ ತಟ್ಟೆ ಇಟ್ಟು ಮುದ್ದೆ ಬಡಿಸಿದಳು. ಭಾವನ ತಟ್ಟೆಯಲ್ಲಿ ಒರಟಾದ, ಕಪ್ಪು ಚುಕ್ಕೆಗಳ, ಮೇಲೆಲ್ಲ ಬಿರುಕುಬಿಟ್ಟ ಮುದ್ದೆ. ನನ್ನ ತಟ್ಟೆಯಲ್ಲಿ ನುಣ್ಣನೆಯ, ಹೊಳೆಯುವ, ಬೆರಳು ಇಟ್ಟರೆ ಜಾರುವ ಮುದ್ದೆ. ತವರಿನಿಂದ ಬಂದ ತಮ್ಮನಿಗೆ ಹೊಟ್ಟಿನ ಮುದ್ದೆ ಬಡಿಸುವುದುಂಟೇ? ಅಟ್ಟದಿಂದ ಜರಡಿ ಇಳಿಸಿ, ನನಗೆಂದೇ ಎರಡು ಸಲ ಹಿಡಿದು, ಬೇರೆಯಾಗಿ ಕಟ್ಟಿದ್ದಳು. ನಿನಗೆ ಒರಟೇ ಇಷ್ಟವೆಂದು ಗೊತ್ತು, ಆದರೂ ನನ್ನ ಮನೆಯಲ್ಲಿ ಬೇಡ ಎಂದು ಕ್ಷಮೆಯನ್ನೂ ಕೇಳಿದಳು. ಗುರು ನುಣುಪು ನುಂಗಿದ, ಶಿಷ್ಯ ಒರಟು ನುಂಗಿದ. ಅವರ ಗಂಟಲು ಪ್ರತಿ ತುತ್ತಿಗೂ ಒಮ್ಮೆ ಏರಿ ಇಳಿಯುವುದು ನನಗೆ ಕಾಣುತ್ತಿತ್ತು. ನಡುನಡುವೆ ನೀರು ಕುಡಿಯುತ್ತಿದ್ದರು.

“ಮಾತ್ರೆ ಬುಟ್ಟು ಎರಡು ತಿಂಗ್ಳಾಯ್ತು ಮೇಷ್ಟ್ರೆ,” ಎಂದರು ಭಾವ, ಮಗು ಬಹುಮಾನ ತೋರಿಸುವ ಸಂಭ್ರಮದಲ್ಲಿ. “ನಿನ್ನಂಗೇ.”

ಆ ಗಳಿಗೆಯಲ್ಲಿ ಹೇಳಬೇಕಾಗಿತ್ತು. ಗೆಳೆಯರೇ, ನನ್ನನ್ನು ಯಾರೂ ಹಿಡಿದಿರಲಿಲ್ಲ, ಬಾಯಿಯಲ್ಲಿ ಮುದ್ದೆಯೂ ಇರಲಿಲ್ಲ. ಮನೆಯಲ್ಲಿ ನಾವು ಮೂವರೇ ಇದ್ದೆವು. ಭಾವ, ನಾನು ಸುಳ್ಳು ಹೇಳಿದೆ, ಮಾತ್ರೆ ತಗೊಳ್ಳಿ ಎನ್ನಲು ಎಷ್ಟು ಉಸಿರು ಬೇಕು? ಆದರೆ ಅವರ ಕಣ್ಣಿನಲ್ಲಿ ನನ್ನ ಬಗ್ಗೆ ಇದ್ದ ಆ ಮೆಚ್ಚುಗೆ ನನಗೆ ಹಿತುಕಿದಬೇಳೆಗಿಂತ ರುಚಿಯಾಗಿತ್ತು. ಸರಿಯಾಗಿ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನನಗೆ ಭಾವನ ಎದೆ ಕಾಣಲಿಲ್ಲ, ನನ್ನ ಹೆಸರು ಕಂಡಿತು. ಬೆಲ್ಲ ಕಡಿಮೆ ಮಾಡಿ ಎಂದಷ್ಟೇ ಹೇಳಿ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ಆಮೇಲೆ ಬಸ್ಸಿನಲ್ಲಿ ಮಳವಳ್ಳಿಗೆ ಮರಳುವಾಗ ಯೋಚಿಸಿದ್ದುಂಟು. ಊರಿನವರ ಮೂರ್ಖತನವನ್ನು ಆಡಿಕೊಳ್ಳುವುದು ನನಗೆ ಚಟವಾಗಿತ್ತು, ಎಲೆಅಡಿಕೆಯ ಹಾಗೆ ಬಾಯಲ್ಲಿ ಏನಾದರೂ ಇರಲೇಬೇಕು. ಡಬ್ಬಿಯ ಪುಡಿ ಕುಡಿಯುವ ಯಜಮಾನರು, ವಡೆಯಲ್ಲಿ ನಾರು ಹುಡುಕುವ ಮಹನೀಯರು, ಬೆಲ್ಲದ ಕಾಫಿಯವರು, ಎಲ್ಲರೂ ನನ್ನ ನಗೆಗೆ ಆಹಾರ. ಆದರೆ ಅವರು ಯಾರೂ ತಮ್ಮ ತಪ್ಪನ್ನು ಇನ್ನೊಬ್ಬರ ತಟ್ಟೆಗೆ ಬಡಿಸಿರಲಿಲ್ಲ. ಯಜಮಾನರು ತಮ್ಮ ಪುಡಿಯನ್ನು ತಾವೇ ಕುಡಿದರು, ಮಹನೀಯರು ತಮ್ಮ ವಡೆಯನ್ನು ತಾವೇ ತಿಂದರು. ಬುದ್ಧಿಯಿದ್ದೂ, ಪುಸ್ತಕ ಓದಿಯೂ, ತನಗೆ ಮಾತ್ರೆ ಇಟ್ಟುಕೊಂಡು ಇನ್ನೊಬ್ಬರಿಗೆ ಹೊಟ್ಟು ಹಂಚಿದವನು ಆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಕುಳಿತಿದ್ದ. ಇಷ್ಟೆಲ್ಲ ಯೋಚಿಸಿಯೂ ಮನೆಗೆ ಬಂದವನು ಫೋನು ಮಾಡಲಿಲ್ಲ. ನಾಚಿಕೆಯೆಂಬುದು ಯೋಚನೆಯಲ್ಲಿ ಸುಲಭ, ನಾಲಿಗೆಗೆ ಬರುವುದು ಕಷ್ಟ. ನಾಳೆ ಮಾಡೋಣ ಎಂದು ದಿನಗಳು ಕಳೆದವು.

ಮುಂದಿನ ತಿಂಗಳು ಒಂದು ಬೆಳಿಗ್ಗೆ ಹತ್ತು ಗಂಟೆಗೆ ಅಕ್ಕನ ಫೋನು. “ಲೋ, ನಿಮ್ ಬಾವ ಉಲ್ಲಿನ ವೊರೆ ವೊತ್ಕಂಡು ನಾಲೆ ಏರಿ ಅತ್ತುವಾಗ ಎದೆ ಇಡ್ಕಂಡು ಕುಂತ್ಬುಟ್ರು ಕಣ್ಲಾ. ಆಟೋದಲ್ಲಿ ಮದ್ದೂರಿಗೆ ಕರ್ಕಂಡ್ ಬಂದಿವ್ನಿ. ಬಿರ್ನೆ ಬಾರ್ಲಾ.”

ಮಳವಳ್ಳಿಯಿಂದ ಮದ್ದೂರಿಗೆ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆಂದು ನನಗೆ ಅಂದು ಗೊತ್ತಾಯಿತು. ನಿಂತ ಕಡೆಯಲ್ಲೆಲ್ಲ ಕಂಡಕ್ಟರನ ಮೇಲೆ, ಇಳಿಯುವ ಮುದುಕಿಯ ಮೇಲೆ, ಅವಳ ಚೀಲದ ಮೇಲೆ ಸಿಟ್ಟು ಬಂತು. ನನ್ನ ಮೇಲೆ ಬರಬೇಕಾದ ಸಿಟ್ಟು ದಾರಿಯುದ್ದಕ್ಕೂ ಹೀಗೆ ಅವರಿವರ ಮೇಲೆ ಸುರಿಯುತ್ತಾ ಬಂತು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಮಾತ್ರ ಅದು ತನ್ನ ವಿಳಾಸಕ್ಕೆ ತಲುಪಿತು.

ಭಾವ ಮಂಚದ ಮೇಲೆ ಒರಗಿದ್ದರು. ಎದೆಗೆ ತಂತಿ ಅಂಟಿಸಿದ್ದರು. ಸದ್ಯ ಪ್ರಾಣಕ್ಕೆ ಭಯವಿಲ್ಲ, ಆದರೆ ಇವತ್ತೇ ಮೈಸೂರಿಗೆ ಕಳಿಸಿ ರಕ್ತನಾಳದ ಪರೀಕ್ಷೆ ಮಾಡಿಸಬೇಕು ಎಂದು ವೈದ್ಯೆ ಹೇಳುತ್ತಿದ್ದರು. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ಹಳೆಯ ಚೀಟಿಯನ್ನು ಕೈಯಲ್ಲಿ ಹಿಡಿದು, “ಮಾತ್ರೆ ಯಾಕೆ ನಿಲ್ಲಿಸಿದ್ರಿ?” ಎಂದು ಕೇಳಿದರು.

ಭಾವನಿಗೆ ನನ್ನನ್ನು ಕಂಡು ಮುಖ ಅರಳಿತು. ಅಷ್ಟು ಸುಸ್ತಿನಲ್ಲೂ ಕೈಯೆತ್ತಿ ನನ್ನನ್ನು ತೋರಿಸಿದರು. “ಅಗೋ, ನಮ್ಮ ಬಾಮೈದ್ರು ಬಂದ್ರು. ಮೇಷ್ಟ್ರು ಕಣಮ್ಮ. ಒಂದ್ ಮಾತ್ರೆನೂ ಇಲ್ದೆ ಬರೀ ರಾಗಿ ಇಟ್ನಲ್ಲೇ ಇಳ್ಸವ್ರೆ. ಬೇಕಾರೆ ಅವರ್ ರಿಪೋರ್ಟೇ ನೋಡಿ.”

ವೈದ್ಯೆ ನನ್ನ ಕಡೆ ತಿರುಗಿದರು. “ಹೌದಾ ಸರ್?”

ಅಂದು ಕೂಡ ತಪ್ಪಿಸಿಕೊಳ್ಳಲು ದಾರಿಯಿತ್ತು ಎಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಒಬ್ಬೊಬ್ಬರ ಮೈಗೆ ಒಂದೊಂದು ಥರ ಡಾಕ್ಟ್ರೇ ಎಂದು ಗಂಭೀರವಾಗಿ ಹೇಳಿಬಿಟ್ಟಿದ್ದರೆ ಸಾಕಿತ್ತು. ಆ ವಾಕ್ಯ ತಯಾರಾಗಿ ನಾಲಿಗೆಗೆ ಬಂದಿತ್ತು ಕೂಡ. ಆದರೆ ಮೈಸೂರಿನ ಪರೀಕ್ಷೆ ಮುಗಿಸಿ ಬಂದ ಭಾವ ಮತ್ತೆ ಮಾತ್ರೆ ಎಸೆದು ಹೊಟ್ಟಿನ ಮುದ್ದೆಗೆ ಕೈಹಾಕುವುದು, ಅವರ ಗಂಟಲು ಏರಿ ಇಳಿಯುವುದು ಕಣ್ಣಿಗೆ ಕಟ್ಟಿತು.

“ಇಲ್ಲ ಡಾಕ್ಟ್ರೇ. ಮೊದಲ ದಿನದಿಂದಾನೂ ನಾನು ಮಾತ್ರೆ ತಗೋತಾ ಇದ್ದೀನಿ. ಹೊಟ್ಟಿನ ಮುದ್ದೆ ತಿಂದಿದ್ದು ಒಂದೇ ತಿಂಗಳು. ಬಾವನ ಹತ್ರ ಸುಳ್ಳು ಹೇಳ್ದೆ,” ಎಂದೆ. ಜೇಬಿನಿಂದ ಪಟ್ಟಿ ತೆಗೆದು ಮಂಚದ ಮೇಲಿಟ್ಟೆ.

ನನ್ನನ್ನು ಬಯ್ಯುವ ಹಕ್ಕು ಆ ಹುಡುಗಿಗೆ ಪೂರ್ತಿ ಇತ್ತು. ಅವರು ಬಯ್ಯಲಿಲ್ಲ, ಭಾವನ ಕಡೆ ತಿರುಗಿದರು. ರಾಗಿ ಬಿಡಬೇಡಿ ಅಜ್ಜ, ಒಳ್ಳೆಯದೇ. ಅವರೆ, ಹುರುಳಿಕಾಳನ್ನು ಸಿಪ್ಪೆ ಸಮೇತ ತಿನ್ನಿ, ಸೊಪ್ಪು ತಿನ್ನಿ, ಬೆಲ್ಲ ಬಿಡಿ. ಆ ಊಟ ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗಲ್ಲ ಎಂದು ಭಾವನಿಗೆ ನಿಧಾನವಾಗಿ ಹೇಳಿದರು. ಮೂರೇ ವಾಕ್ಯದಲ್ಲಿ ಮುಗಿಯಿತು. ನಾನು ಇಷ್ಟು ವರ್ಷ ಅಷ್ಟೊಂದು ಊಟಗಳಲ್ಲಿ ಮಾಡಿದ ಉಪನ್ಯಾಸದಲ್ಲಿ ಈ ಮೂರು ವಾಕ್ಯ ಇರಲಿಲ್ಲ.

ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ನನ್ನನ್ನು ಎತ್ತಿ ಆಡಿಸಿದವಳು, ನನಗೆಂದು ಎರಡು ಸಲ ಜರಡಿ ಹಿಡಿದವಳು. ಸೆರಗನ್ನು ಬಾಯಿಂದ ತೆಗೆದು ಒಂದೇ ಮಾತು ಕೇಳಿದಳು.

“ನಿನ್ ಜಂಬಕ್ಕೆ ನನ್ ತಾಳಿನೇ ಬೇಕಾಗಿತ್ತೇನ್ಲಾ?”

ತಲೆ ತಗ್ಗಿಸಿ ನಿಂತೆ. ಭಾವ ಮಂಚದ ಮೇಲಿದ್ದ ಪಟ್ಟಿಯನ್ನು ಎತ್ತಿಕೊಂಡರು. ಖಾಲಿಯಾದ ಗುಳಿಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಸವರಿ ನೋಡಿದರು. ಬಯ್ಯುತ್ತಾರೆ, ಬಯ್ದರೆ ಒಳ್ಳೆಯದು ಎಂದು ನಾನು ಕಾಯುತ್ತಿದ್ದೆ. ಥೂ ಎಂದು ಉಗಿದಿದ್ದರೂ ಒರೆಸಿಕೊಳ್ಳುತ್ತಿದ್ದೆ. ಅವರು ಎಂದಿನ ಅದೇ ದನಿಯಲ್ಲಿ, ಅದೇ ಭಯಭಕ್ತಿಯಲ್ಲಿ ನನ್ನ ಕಡೆ ನೋಡಿದರು.

“ಅದ್ಸರಿ ಮೇಷ್ಟ್ರೆ, ಇದ ಊಟಕ್ ಮುಂಚೆ ತಗೋಬೇಕೋ, ಆದ್ಮೇಲೋ?”

ತಿಂಗಳುಗಟ್ಟಲೆ ದಿನವೂ ನುಂಗಿದವನು ನಾನು, ನನಗೆ ಗೊತ್ತಿತ್ತು.

“ನನ್ನ ಕೇಳ್ಬೇಡಿ ಬಾವ,” ಎಂದೆ. “ಡಾಕ್ಟ್ರನ್ನ ಕೇಳಿ.”